ತಾಳೆ ನೋಡೋಕೆ ಎರಡು ಬೇಕು

ಲ್ಯಾಬಲ್ಲಿ, ಹಾಸ್ಟೆಲಲ್ಲಿ, ಪ್ರಾಜೆಕ್ಟ್ ರಿವ್ಯೂ ಹಿಂದಿನ ರಾತ್ರಿ ನಾವೆಲ್ಲ ಧಾರಾಳವಾಗಿ ಬಳಸೋ ಒಂದು ಮಾತಿದೆ: "ಎರಡೂ ಒಂದೇ ಕಣೋ." ಪೆನ್‌ಡ್ರೈವಲ್ಲಿರೋ ಫೈಲೂ ಮೇಲ್ ಮಾಡಿದ ಫೈಲೂ ಒಂದೇ. ಸೀನಿಯರ್ಸ್ ಕೊಟ್ಟುಹೋದ ಹೆಕ್ಸ್ ಫೈಲೂ ಬೋರ್ಡಲ್ಲಿ ಓಡ್ತಿರೋ ಪ್ರೋಗ್ರಾಮೂ ಒಂದೇ. ವೆಬ್‌ಸೈಟಲ್ಲಿ ಇದ್ದದ್ದೂ ನಾವು ಡೌನ್‌ಲೋಡ್ ಮಾಡಿದ್ದೂ ಒಂದೇ. ಹೆಂಗೆ ಗೊತ್ತು ಅಂತ ಕೇಳಿದ್ರೆ ಬರೋ ಉತ್ತರ ಮೂರೇ: ಹೆಸರು ಒಂದೇ ಇದೆ, ಸೈಜ್ ಒಂದೇ ಇದೆ, ತೆಗೆದು ನೋಡಿದ್ರೆ ಒಂದೇ ಥರ ಕಾಣುತ್ತೆ. ಈ ಮೂರರಲ್ಲಿ ಒಂದೂ ಪುರಾವೆ ಅಲ್ಲ.

'ಒಂದೇ' ಅನ್ನೋದು ಪರೀಕ್ಷೆ ಮಾಡಿ ಹೇಳಬೇಕಾದ ಮಾತು. ಆ ಪರೀಕ್ಷೆ ಮಾಡೋ ಟೂಲು ನಮ್ಮ ಲ್ಯಾಬಿನ ಪ್ರತಿ ಲಿನಕ್ಸ್ ಮಷೀನಿನಲ್ಲೂ ಇದೆ, ಅದನ್ನ ಕಲಿಯೋಕೆ 10 ನಿಮಿಷ ಸಾಕು. ಆದ್ರೆ ಕಮಾಂಡ್ ಕಲಿತರೆ ಅರ್ಧ ಕೆಲಸ ಮಾತ್ರ ಆಯ್ತು. ತಾಳೆ ನೋಡೋಕೆ ಎರಡು ಫೈಲು ಬೇಕು. ಒಂದು ನಮ್ಮ ಕೈಲಿರೋದು. ಇನ್ನೊಂದು, ಅಂದ್ರೆ ಯಾವುದನ್ನ ಸರಿ ಅಂತ ಇಟ್ಕೊಂಡು ಹೋಲಿಸ್ತೀವೋ ಅದು, ಎಲ್ಲಿದೆ? ಯಾರ ಹತ್ರ ಇದೆ? ಹೋಲಿಸಿದವರು ಯಾರು? ನಮ್ಮ ಮೈಕ್ರೊಕಂಟ್ರೋಲರ್ ಲ್ಯಾಬಿಗೂ, ಪಕ್ಕದ ಜಾಲಹಳ್ಳಿಯಲ್ಲಿ ತಯಾರಾಗಿ ದೇಶದ ಮತಗಟ್ಟೆಗಳಿಗೆ ಹೋಗೋ ಯಂತ್ರಕ್ಕೂ ಕೇಳಬೇಕಾದ್ದು ಇದೇ ಮೂರು ಪ್ರಶ್ನೆ ಅನ್ನೋದು ನಮ್ಮ ವಾದ.

ಮೂರಕ್ಷರದ ಕಮಾಂಡ್

ಕಮಾಂಡಿನ ಹೆಸರು ಸಿ, ಎಂ, ಪಿ. ಕಂಪೇರ್ ಅನ್ನೋದರ ಮೂರಕ್ಷರ. 1971ರ ಮೊದಲ ಯುನಿಕ್ಸ್ ಆವೃತ್ತಿಯಲ್ಲೇ ಇದು ಇತ್ತು. ನಾವು ಹೆಚ್ಚು ಕೇಳಿರೋ ಡಿಫ್ ಬಂದದ್ದು ಆಮೇಲೆ. ಡಿಫ್ ಸಾಲುಗಳನ್ನ ನೋಡುತ್ತೆ, ಹಾಗಾಗಿ ಪ್ರೋಗ್ರಾಂ ಸೋರ್ಸಿಗೆ, ಪಠ್ಯಕ್ಕೆ ಅದು ಚೆನ್ನ. ಚಿತ್ರ, ಹೆಕ್ಸ್‌ನಿಂದ ಮಾಡಿದ ಬೈನರಿ, ಕಂಪೈಲ್ ಆದ ಪ್ರೋಗ್ರಾಂ ಇಂಥವುಗಳಲ್ಲಿ ಸಾಲು ಅನ್ನೋದೇ ಇಲ್ಲ. ಅಲ್ಲಿ ಡಿಫ್ "ಬೈನರಿ ಫೈಲುಗಳು ಬೇರೆ ಬೇರೆ" ಅಂತ ಹೇಳಿ ಕೈ ತೊಳ್ಕೊಳ್ಳುತ್ತೆ. ಸಿಎಂಪಿ ಹಾಗಲ್ಲ. ಎರಡೂ ಫೈಲಿನ ಮೊದಲನೇ ಬೈಟ್ ತಗೊಳ್ಳುತ್ತೆ, ಎರಡನೇದು, ಮೂರನೇದು, ಹೀಗೇ ಹೋಗ್ತಾ ಎಲ್ಲಿ ತಾಳೆ ತಪ್ಪಿತೋ ಅಲ್ಲಿ ನಿಂತು ಬೈಟ್ ನಂಬರ್ ಹೇಳುತ್ತೆ.

ಎಲ್ಲಾ ಸರಿ ಇದ್ರೆ ಏನೂ ಹೇಳಲ್ಲ. ಹೊಸಬರು ಇಲ್ಲೇ ಗಾಬರಿ ಆಗೋದು, ಕಮಾಂಡ್ ಓಡಲೇ ಇಲ್ಲವೇನೋ ಅಂತ. ಓಡಿದೆ, ಹೇಳೋಕೆ ಏನೂ ಇಲ್ಲ ಅಷ್ಟೇ. ಸ್ಕ್ರಿಪ್ಟ್ ಬರೆಯೋರಿಗೆ ಎಕ್ಸಿಟ್ ಸ್ಟೇಟಸ್ ಸಿಗುತ್ತೆ: ಒಂದೇ ಆಗಿದ್ರೆ 0, ಬೇರೆ ಆಗಿದ್ರೆ 1, ಫೈಲೇ ಸಿಗಲಿಲ್ಲ ಅಥವಾ ಓದೋಕೆ ಆಗಲಿಲ್ಲ ಅಂದ್ರೆ 2. ಈ 1 ಮತ್ತು 2ರ ವ್ಯತ್ಯಾಸ ನೆನಪಿಟ್ಕೊಳ್ಳಿ. 'ಬೇರೆ ಇದೆ' ಅನ್ನೋದೂ 'ಹೋಲಿಸೋಕೇ ಆಗಲಿಲ್ಲ' ಅನ್ನೋದೂ ಒಂದೇ ಅಲ್ಲ. ಮುಂದೆ ಈ ಮಾತಿಗೆ ವಾಪಸ್ ಬರ್ತೀವಿ.

ಬಳಸೋಕೆ ಶುರು ಮಾಡಿದ್ರೆ ಗೊತ್ತಿರಬೇಕಾದ್ದು ಇನ್ನೊಂದಷ್ಟಿದೆ. ಮೈನಸ್ ಎಲ್ ಹಾಕಿದ್ರೆ ಮೊದಲ ವ್ಯತ್ಯಾಸಕ್ಕೇ ನಿಲ್ಲದೆ ಎಲ್ಲಾ ವ್ಯತ್ಯಾಸಗಳನ್ನೂ ಪಟ್ಟಿ ಮಾಡುತ್ತೆ. ಆ ಪಟ್ಟಿಯಲ್ಲಿ ಬೈಟಿನ ಸ್ಥಾನ ದಶಮಾನದಲ್ಲಿ, ಬೈಟಿನ ಬೆಲೆ ಮಾತ್ರ ಆಕ್ಟಲ್‌ನಲ್ಲಿ ಇರುತ್ತೆ. ಸ್ಥಾನದ ಎಣಿಕೆ 1ರಿಂದ ಶುರು. ಹೆಕ್ಸ್ ಎಡಿಟರ್‌ಗಳು 0ಯಿಂದ ಎಣಿಸ್ತವೆ, ಹಾಗಾಗಿ ಅಲ್ಲಿ ಹುಡುಕೋವಾಗ ಒಂದು ಕಳೀಬೇಕು. ಮೈನಸ್ ಐ ಹಾಕಿ ಮೊದಲ ಕೆಲವು ಬೈಟ್ ಬಿಟ್ಟು ಹೋಲಿಸಬಹುದು. ಇಮೇಜ್ ಪ್ರೊಸೆಸಿಂಗ್ ಲ್ಯಾಬಿನ ಮಾಮೂಲಿ ಬಿಎಂಪಿ ಚಿತ್ರಗಳ ಹೆಡರ್ 54 ಬೈಟ್. ಅದನ್ನ ಹಾರಿಸಿ ಬರೀ ಪಿಕ್ಸೆಲ್ ತಾಳೆ ನೋಡೋಕೆ ಇದು ಅನುಕೂಲ. ವಿಂಡೋಸ್‌ನವರಿಗೆ ಎಫ್‌ಸಿ ಇದೆ, ಜೊತೆಗೆ ಸ್ಲ್ಯಾಷ್ ಬಿ ಹಾಕಬೇಕು. ಪವರ್‌ಶೆಲ್‌ನಲ್ಲಿ ಬರೀ ಎಫ್‌ಸಿ ಅಂದ್ರೆ ಬೇರೆ ಯಾವುದೋ ಕಮಾಂಡ್. ಕೊನೆಗೆ ಡಾಟ್ ಇಎಕ್ಸ್‌ಇ ಸೇರಿಸಿ.

ಇದಕ್ಕೊಂದು ಮಿತಿನೂ ಇದೆ. ಫೈಲಿನ ನಡುವೆ ಒಂದೇ ಒಂದು ಬೈಟ್ ಹೆಚ್ಚಾಗಿ ಸೇರಿಕೊಂಡ್ರೆ ಅದರ ನಂತರದ್ದೆಲ್ಲ ಒಂದು ಸ್ಥಾನ ಜರುಗುತ್ತೆ, ಸಿಎಂಪಿ ಕಣ್ಣಿಗೆ ಮುಂದಿನದೆಲ್ಲ ಬೇರೆಯೇ. ಎಷ್ಟು ಬದಲಾಗಿದೆ ಅಂತ ಅಳೆಯೋಕೆ ಇದು ಒಳ್ಳೇ ಟೂಲ್ ಅಲ್ಲ. ಬದಲಾಗಿದೆಯೋ ಇಲ್ಲವೋ, ಮೊದಲು ಎಲ್ಲಿ ತಪ್ಪಿತು, ಅಷ್ಟನ್ನ ಮಾತ್ರ ಇದು ನಂಬಿಕೆಯಿಂದ ಹೇಳುತ್ತೆ.

ಕೋಟೆ ಮತ್ತು ಕೋಟೆ

ನಾವು ಕನ್ನಡ ಸಂಘದವರು, ಹಾಗಾಗಿ ಉದಾಹರಣೆ ಕನ್ನಡದ್ದೇ ಇರಲಿ. ಎರಡು ಫೈಲಿನಲ್ಲಿ 'ಕೋಟೆ' ಅನ್ನೋ ಒಂದೇ ಪದ ಇದೆ ಅಂದ್ಕೊಳ್ಳಿ. ತೆಗೆದು ನೋಡಿದ್ರೆ ಎರಡೂ ಕೋಟೆಯೇ. ಪ್ರಿಂಟ್ ಹಾಕಿದ್ರೂ ಕೋಟೆಯೇ. ಆದ್ರೆ ಒಂದು ಫೈಲು 12 ಬೈಟ್, ಇನ್ನೊಂದು 18 ಬೈಟ್ ಇರಬಹುದು.

ಕಾರಣ ಹೀಗಿದೆ. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. 'ಕೋಟೆ' ಬರೆಯೋಕೆ ಕ, ಓತ್ವದ ಚಿಹ್ನೆ, ಟ, ಎತ್ವದ ಚಿಹ್ನೆ ಅಂತ 4 ಸಂಕೇತ ಸಾಕು. ಆದ್ರೆ ಯುನಿಕೋಡ್‌ನಲ್ಲಿ ಓತ್ವದ ಚಿಹ್ನೆಯನ್ನ ಬಿಡಿಸಿಯೂ ಬರೀಬಹುದು: ಎತ್ವ, ಊತ್ವ, ದೀರ್ಘ ಅಂತ ಮೂರು ತುಂಡು. ನಾವು ಕೈಯಲ್ಲಿ ಬರೆಯೋವಾಗ ಎಳೆಯೋದೂ ಹಾಗೇ ಅಲ್ವಾ? ಆಗ 6 ಸಂಕೇತ, 18 ಬೈಟ್. ಫಾಂಟು ಎರಡನ್ನೂ ಒಂದೇ ಥರ ಕೂರಿಸುತ್ತೆ. ಸಿಎಂಪಿ ಮಾತ್ರ 6ನೇ ಬೈಟಲ್ಲಿ ಹಿಡಿಯುತ್ತೆ. ಮೈನಸ್ ಎಲ್ ಹಾಕಿ ನೋಡಿ, ಮೊದಲ ಸಾಲು "6 213 206" ಅಂತ ಬರುತ್ತೆ. ಮೊದಲ 3 ಬೈಟ್ 'ಕ', ಆಮೇಲಿನ 2 ಬೈಟ್ ಎರಡು ಚಿಹ್ನೆಗಳಿಗೂ ಸಮಾನ, 6ನೇದರಲ್ಲಿ ದಾರಿ ಬೇರೆ ಆಗುತ್ತೆ.

ಇದರಿಂದ ಏನು ತೊಂದರೆ? ಗ್ರೆಪ್‌ನಲ್ಲಿ ಒಂದು ರೂಪದ 'ಕೋಟೆ' ಹುಡುಕಿದ್ರೆ ಇನ್ನೊಂದು ರೂಪದ್ದು ಸಿಗಲ್ಲ. ಪೈಥಾನ್‌ನಲ್ಲಿ ಎರಡನ್ನೂ ಹೋಲಿಸಿದ್ರೆ 'ಫಾಲ್ಸ್' ಬರುತ್ತೆ. ಈಗ 'ಕೋಟೆ' ಜಾಗದಲ್ಲಿ ಒಬ್ಬರ ಹೆಸರು ಇಟ್ಟು ನೋಡಿ: ಗೋಪಾಲ, ಯಶೋದಾ, ಮನೋಹರ. ಒಂದು ಪಟ್ಟಿಯಲ್ಲಿ ಒಂದು ರೂಪ, ಇನ್ನೊಂದು ಪಟ್ಟಿಯಲ್ಲಿ ಇನ್ನೊಂದು. ಎರಡನ್ನೂ ಜೋಡಿಸೋ ಪ್ರೋಗ್ರಾಂ ಬರೆದವರು ಇದನ್ನ ಯೋಚನೆ ಮಾಡಿರದಿದ್ರೆ, ಆ ಮನುಷ್ಯ ಇದ್ದೂ ಇಲ್ಲದಂಗೆ. ಕೌಂಟರ್ ಮುಂದೆ ನಿಂತಿರೋರಿಗೂ, ಒಳಗೆ ಕೂತಿರೋರಿಗೂ ಪರದೆ ಮೇಲೆ ಎರಡೂ ಹೆಸರು ಒಂದೇ ಥರ ಕಾಣುತ್ತೆ. ತಪ್ಪು ಎಲ್ಲಿದೆ ಅಂತ ಯಾರಿಗೂ ಗೊತ್ತಾಗಲ್ಲ.

ಇದಕ್ಕೆ ಪರಿಹಾರ ಇದೆ. ಎನ್‌ಎಫ್‌ಸಿ ಅನ್ನೋ ನಾರ್ಮಲೈಸೇಶನ್ ಮಾಡಿಸಿದ್ರೆ ಬಿಡಿ ತುಂಡುಗಳೆಲ್ಲ ಸೇರಿ ಒಂದೇ ರೂಪ ಆಗುತ್ತೆ. ಪೈಥಾನ್‌ನಲ್ಲಿ ಒಂದು ಸಾಲಿನ ಕೆಲಸ. ಆದ್ರೆ ಅದಕ್ಕೂ ಸಿಗದ್ದು ಕೆಲವಿವೆ. 'ಬಸ್' ಅಂತ ಬರೆದು ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಜೋಡಣೆ ತಡೆಯೋ ಸಂಕೇತ ಸೇರಿಕೊಂಡಿದ್ರೆ 9 ಬೈಟ್ ಇದ್ದದ್ದು 12 ಆಗುತ್ತೆ, ನೋಡೋಕೆ ಕೂದಲೆಳೆ ವ್ಯತ್ಯಾಸ ಇಲ್ಲ. ಎನ್‌ಎಫ್‌ಸಿ ಅದನ್ನ ತೆಗೆಯಲ್ಲ. ಇನ್ನು ಯುನಿಕೋಡ್‌ಗೆ ಮುಂಚಿನ ನುಡಿ, ಬರಹ ಕಡತಗಳ ಕಥೆಯೇ ಬೇರೆ. ಅಲ್ಲಿ ಕನ್ನಡ ಅಕ್ಷರದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರ್ತವೆ. ಫಾಂಟ್ ಇದ್ರೆ ಕನ್ನಡ, ಇಲ್ಲದಿದ್ರೆ ಕಲಸುಮೇಲೋಗರ. ಕಾಗದದ ಮೇಲೆ ಎರಡೂ ಒಂದೇ. ಡಿಸ್ಕಿನ ಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಕನ್ನಡಕ್ಕೆ ಸಾಫ್ಟ್‌ವೇರ್ ಬರೀತೀವಿ ಅಂತ ಹೊರಡೋ ನಮ್ಮಂಥವರಿಗೆ ಇಲ್ಲಿ ಪಾಠ ಇದೆ. ಕಣ್ಣಿನ 'ಒಂದೇ', ಭಾಷೆಯ 'ಒಂದೇ', ಬೈಟಿನ 'ಒಂದೇ', ಮೂರೂ ಬೇರೆ ಬೇರೆ. ಯಾವ ಅರ್ಥದಲ್ಲಿ ಒಂದೇ ಅಂತ ಮೊದಲು ತೀರ್ಮಾನ ಮಾಡಿ, ಆಮೇಲೆ ಹೋಲಿಸಬೇಕು.

ಮೂಲ ಪ್ರತಿ ಯಾರ ಹತ್ರ?

ಹಳೇ ಕಾವ್ಯಗಳನ್ನ ಸಂಪಾದಿಸೋರು ಈ ಕೆಲಸವನ್ನ ನಮಗಿಂತ ಮುಂಚಿನಿಂದ ಮಾಡ್ತಾ ಬಂದಿದ್ದಾರೆ. ಒಂದೇ ಕೃತಿಯ ಬೇರೆ ಬೇರೆ ಓಲೆಗರಿ ಪ್ರತಿಗಳನ್ನ ಸಾಲುಸಾಲಾಗಿ ತಾಳೆ ನೋಡಿ, ಬೇರೆ ಇದ್ದದ್ದನ್ನ ಪಾಠಾಂತರ ಅಂತ ಪುಟದ ಕೆಳಗೆ ಕೊಡ್ತಾರೆ. ಅವರಿಗೆ ಕವಿ ಕೈಯಾರೆ ಬರೆದ ಮೂಲ ಪ್ರತಿ ಸಿಕ್ಕಿರಲ್ಲ. ಅದಕ್ಕೇ ಇರೋ ಪ್ರತಿಗಳಿಂದಲೇ ಮೂಲ ಹೇಗಿದ್ದಿರಬಹುದು ಅಂತ ತರ್ಕ ಮಾಡಬೇಕು. ನಮಗೆ ಆ ಕಷ್ಟ ಇಲ್ಲ. ಮೂಲವನ್ನ ಹಾಗೇ ಇಟ್ಕೊಳ್ಳೋದು ನಮಗೆ ಪುಕ್ಕಟೆ. ಆದ್ರೂ ಇಟ್ಕೊಳ್ಳಲ್ಲ. ಹಿಂದಿನ ಬ್ಯಾಚಿನಿಂದ ಬಂದ ಪ್ರಾಜೆಕ್ಟ್ ಬೋರ್ಡ್ ಕೈಗೆ ಬರುತ್ತೆ, ಅದರೊಳಗಿನ ಪ್ರೋಗ್ರಾಮಿನ ಸೋರ್ಸ್ ಯಾರ ಹತ್ರಾನೂ ಇರಲ್ಲ. "ಫೈನಲ್", "ಫೈನಲ್ 2", "ಫೈನಲ್ ನಿಜವಾದದ್ದು" ಅಂತ ಮೂರು ಫೋಲ್ಡರ್ ಸಿಗುತ್ತೆ. ಬೋರ್ಡಲ್ಲಿರೋದು ಯಾವುದು ಅಂತ ಹೇಳೋರಿಲ್ಲ.

ಆರ್ಡುಯಿನೊ ಊನೋ ಬಳಸಿದವರು ಅಪ್‌ಲೋಡ್ ವೇಳೆ ಪೂರ್ತಿ ವಿವರ ತೋರಿಸು ಅಂತ ಸೆಟ್ಟಿಂಗ್ ಹಾಕಿದ್ರೆ ಒಂದು ವಿಷಯ ಗಮನಿಸಿರ್ತೀರಿ. ಬರೆದಾದ ಮೇಲೆ ಎವಿಆರ್‌ಡ್ಯೂಡ್ ಅನ್ನೋ ಪ್ರೋಗ್ರಾಂ ಚಿಪ್ಪಿನ ಫ್ಲ್ಯಾಶನ್ನ ಮತ್ತೆ ಓದಿ, ಕಳಿಸಿದ್ದಕ್ಕೂ ಬರೆದದ್ದಕ್ಕೂ ತಾಳೆ ನೋಡಿ, ಇಷ್ಟು ಬೈಟ್ ಪರಿಶೀಲಿಸಿದೆ ಅಂತ ಹೇಳುತ್ತೆ. ಬರೆದವನೇ ಬರೆದದ್ದನ್ನ ನಂಬಬಾರದು ಅನ್ನೋ ನಿಯಮ ಅದು. ನಾವೂ ಆರು ತಿಂಗಳ ನಂತರ ಅದನ್ನೇ ಮಾಡಬಹುದು. ಚಿಪ್ಪನ್ನ ಓದಿ ಒಂದು ಬೈನರಿ ಫೈಲ್ ಮಾಡಿ, ಇಟ್ಟಿದ್ದ ಮೂಲದ ಜೊತೆ ಸಿಎಂಪಿ ಹಾಕಿ. ಓದಿದ್ದರಲ್ಲಿ ಬೂಟ್‌ಲೋಡರ್ ಕೂಡ ಸೇರಿರುತ್ತೆ, ಆದ್ದರಿಂದ ಮೈನಸ್ ಎನ್ ಹಾಕಿ ನಿಮ್ಮ ಪ್ರೋಗ್ರಾಮಿನ ಅಳತೆಯಷ್ಟೇ ಹೋಲಿಸಿ.

ಆದ್ರೆ ಅದೇ ಚಿಪ್ಪಿನಲ್ಲಿ ಲಾಕ್ ಬಿಟ್ ಅಂತ ಇದೆ. ಅದನ್ನ ಹಾಕಿಟ್ರೆ ಹೊರಗಿನಿಂದ ಯಾರೂ ಪ್ರೋಗ್ರಾಂ ಓದೋಕೆ ಆಗಲ್ಲ. ತೆಗೀಬೇಕಂದ್ರೆ ಇಡೀ ಚಿಪ್ ಅಳಿಸಬೇಕು. ಕದಿಯೋರಿಂದ ಕಾಪಾಡೋಕೆ ಇದು ಒಳ್ಳೇದು. ಪರಿಶೀಲಿಸೋರಿಗೂ ಬಾಗಿಲು ಮುಚ್ಚುತ್ತೆ ಅನ್ನೋದು ಇದರ ಇನ್ನೊಂದು ಮುಖ. ಸಿಎಂಪಿ ಭಾಷೆಯಲ್ಲಿ ಹೇಳೋದಾದ್ರೆ ಅದು 0ಯೂ ಅಲ್ಲ, 1ಊ ಅಲ್ಲ, 2.

ಮೂಲ ದೂರದಲ್ಲಿದ್ದಾಗ ಹ್ಯಾಶ್ ಉಪಯೋಗಕ್ಕೆ ಬರುತ್ತೆ. ಶಾ-256 ಹಾಕಿದ್ರೆ ಎಷ್ಟೇ ದೊಡ್ಡ ಫೈಲಿಗೂ 256 ಬಿಟ್‌ನ ಒಂದು ಗುರುತು ಸಿಗುತ್ತೆ. ಗುರುತು ಹೋಲಿಸಿದ್ರೆ ಸಾಕು. ಆದ್ರೆ ಹಳೇ ಹ್ಯಾಶ್‌ಗಳನ್ನ ನಂಬಬೇಡಿ. 2017ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್‌ನವರು ಸೇರಿ, ಒಳಗಿರೋದು ಬೇರೆ ಬೇರೆ ಆದ್ರೂ ಶಾ-1 ಗುರುತು ಒಂದೇ ಬರೋ ಎರಡು ಪಿಡಿಎಫ್ ಮಾಡಿ ತೋರಿಸಿದ್ರು. ಸಿಎಂಪಿ ಅವೆರಡನ್ನೂ ಬೇರೆ ಅಂತಲೇ ಹೇಳುತ್ತೆ. ಇನ್ನೊಂದು ಮಾತು: ಫೈಲು ಬಂದ ದಾರಿಯಲ್ಲೇ ಅದರ ಹ್ಯಾಶೂ ಬಂದಿದ್ರೆ, ಫೈಲು ಬದಲಾಯಿಸಿದವನು ಹ್ಯಾಶೂ ಬದಲಾಯಿಸಿರ್ತಾನೆ.

2024ರ ಮಾರ್ಚ್‌ನಲ್ಲಿ ಇಡೀ ಲಿನಕ್ಸ್ ಲೋಕ ಬೆಚ್ಚಿಬಿದ್ದದ್ದು ಇಂಥದ್ದೇ ವಿಷಯಕ್ಕೆ. ಎಕ್ಸ್‌ಝಡ್ ಅನ್ನೋ ಕಂಪ್ರೆಶನ್ ಸಾಫ್ಟ್‌ವೇರ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇತ್ತು. ಅದನ್ನ ಎಬ್ಬಿಸೋ ಬಿಲ್ಡ್ ಸ್ಕ್ರಿಪ್ಟಿನ ಭಾಗ, ಎಲ್ಲರೂ ಓದಬಹುದಾದ ಗಿಟ್ ಭಂಡಾರದಲ್ಲಿ ಇರಲಿಲ್ಲ. ಬಿಡುಗಡೆ ಮಾಡಿದ ಟಾರ್ ಫೈಲಿನಲ್ಲಿ ಮಾತ್ರ ಇತ್ತು. ಇಂಥ ಬಿಡುಗಡೆ ಫೈಲಿಗೂ ಗಿಟ್‌ಗೂ ಒಂದಷ್ಟು ವ್ಯತ್ಯಾಸ ಇರೋದು ಮಾಮೂಲು, ಆ ಮಾಮೂಲಿನ ನಡುವೆಯೇ ಇದೂ ಅಡಗಿ ಕೂತಿತ್ತು. ಕಂಡುಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್, ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡ ಆಗ್ತಿದೆಯಲ್ಲ ಅಂತ ತಲೆ ಕೆಡಿಸ್ಕೊಂಡಿದ್ದಕ್ಕೆ. ತಾಳೆ ನೋಡೋ ವ್ಯವಸ್ಥೆ ಇದ್ದಿದ್ರೆ ಒಬ್ಬರ ತಾಳ್ಮೆಯ ಮೇಲೆ ಇಷ್ಟೆಲ್ಲ ನಿಲ್ಲಬೇಕಿರಲಿಲ್ಲ. ಡೆಬಿಯನ್‌ನವರು 2013ರಿಂದ ನಡೆಸ್ತಿರೋ ಕೆಲಸದ ಗುರಿ ಅದೇ: ಒಂದೇ ಸೋರ್ಸನ್ನ ಯಾರು, ಎಲ್ಲಿ, ಯಾವಾಗ ಕಂಪೈಲ್ ಮಾಡಿದ್ರೂ ಬೈಟು ಬೈಟೂ ಒಂದೇ ಬೈನರಿ ಬರಬೇಕು. ಆಗ ಮೂಲ ಪ್ರತಿಯನ್ನ ಒಬ್ಬರ ಕೈಯಲ್ಲಿ ಇಡೋ ಅಗತ್ಯವೇ ಇರಲ್ಲ, ಬೇಕಾದವರು ತಾವೇ ಮಾಡ್ಕೋಬಹುದು.

ಪಕ್ಕದ ಜಾಲಹಳ್ಳಿಯ ಯಂತ್ರ

ವಿದ್ಯಾರಣ್ಯಪುರದ ಸುತ್ತಮುತ್ತ ಇರೋ ನಮಗೆ ಬಿಇಎಲ್ ಅಂದ್ರೆ ಒಂದು ಬಡಾವಣೆ, ಒಂದು ಸರ್ಕಲ್ಲು, ಬಸ್ಸಿನ ಬೋರ್ಡು. 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್‌ನ ಜಾಲಹಳ್ಳಿ ಕಾರ್ಖಾನೆ ಇಲ್ಲಿಂದ ಹೆಚ್ಚು ದೂರ ಇಲ್ಲ. ದೇಶದ ಮತಯಂತ್ರಗಳನ್ನ ಮಾಡೋದು ಎರಡೇ ಸಂಸ್ಥೆ: ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಮೊದಲ ಪ್ರಯೋಗ ಆಯ್ತು. 2004ರ ಲೋಕಸಭಾ ಚುನಾವಣೆ ಹೊತ್ತಿಗೆ ದೇಶದ ಎಲ್ಲಾ ಕ್ಷೇತ್ರಕ್ಕೂ ಯಂತ್ರ ಬಂತು. ಅದರೊಳಗೆ ಇರೋದೂ ನಮ್ಮ ಲ್ಯಾಬಲ್ಲಿ ಇರೋ ಜಾತಿಯದೇ: ಮೈಕ್ರೊಕಂಟ್ರೋಲರ್, ಅದರಲ್ಲಿ ಬರೆದ ಪ್ರೋಗ್ರಾಂ.

2024ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸಂಜೀವ್ ಖನ್ನಾ ಮತ್ತು ನ್ಯಾಯಮೂರ್ತಿ ದೀಪಂಕರ್ ದತ್ತಾ ಅವರ ಪೀಠ ಒಂದು ತೀರ್ಪು ಕೊಟ್ಟಿತು. ಮತಪತ್ರಕ್ಕೆ ವಾಪಸ್ ಹೋಗಬೇಕು ಅನ್ನೋ ಬೇಡಿಕೆಯನ್ನೂ, ಎಲ್ಲಾ ವಿವಿಪ್ಯಾಟ್ ಚೀಟಿ ಎಣಿಸಬೇಕು ಅನ್ನೋದನ್ನೂ ಒಪ್ಪಲಿಲ್ಲ. ಆದ್ರೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓದಲೇಬೇಕಾದ ಒಂದು ನಿರ್ದೇಶನ ಕೊಟ್ಟಿತು. ಎರಡನೇ ಮತ್ತು ಮೂರನೇ ಸ್ಥಾನ ಬಂದ ಅಭ್ಯರ್ಥಿಗಳು ಫಲಿತಾಂಶ ಬಂದ 7 ದಿನದೊಳಗೆ ಬರೆದು ಕೇಳಿದ್ರೆ, ಪ್ರತಿ ವಿಧಾನಸಭಾ ಕ್ಷೇತ್ರದ ಶೇಕಡಾ 5ರಷ್ಟು ಯಂತ್ರಗಳ ಚಿಪ್ಪಿನಲ್ಲಿ ಬರೆದ ಮೆಮೊರಿಯನ್ನ ಪರಿಶೀಲಿಸಬೇಕು. ಪರಿಶೀಲಿಸೋದು ತಯಾರಕರ ಎಂಜಿನಿಯರುಗಳ ತಂಡ. ಅಭ್ಯರ್ಥಿಗಳು ಎದುರಿಗಿರಬಹುದು. ಖರ್ಚು ಕೇಳಿದವರದು, ಯಂತ್ರ ತಿದ್ದಿದ್ದು ಸಾಬೀತಾದ್ರೆ ದುಡ್ಡು ವಾಪಸ್.

ಇದನ್ನ ನಮ್ಮ ಮೂರು ಪ್ರಶ್ನೆಯ ಮುಂದೆ ಇಟ್ಟು ನೋಡೋಣ. ಮೊದಲನೇದು, ಹೋಲಿಸೋದು ಏನನ್ನ? ಚುನಾವಣಾ ಆಯೋಗ ರೂಪಿಸಿದ ಕ್ರಮದಲ್ಲಿ ಅಣಕು ಮತದಾನ ಇತ್ತು: ಒಂದು ಯಂತ್ರದಲ್ಲಿ 1400 ಮತದವರೆಗೆ ಹಾಕಿ, ಎಣಿಕೆಗೂ ಚೀಟಿಗೂ ತಾಳೆ ನೋಡೋದು. ಒಳ್ಳೇ ಪರೀಕ್ಷೆಯೇ. ಆದ್ರೆ ಅದು ಯಂತ್ರ ಹೇಗೆ ನಡ್ಕೊಳ್ಳುತ್ತೆ ಅಂತ ಹೊರಗಿನಿಂದ ನೋಡೋ ಪರೀಕ್ಷೆ. ಒಳಗಿರೋ ಬೈಟು ಮೂಲದ ಬೈಟಿಗೆ ಸರಿ ಇದೆಯೇ ಅನ್ನೋದು ಬೇರೆ ಪರೀಕ್ಷೆ. ಸಾಫ್ಟ್‌ವೇರ್ ಟೆಸ್ಟಿಂಗ್ ಪೇಪರಿನಲ್ಲಿ ಎರಡಕ್ಕೂ ಬೇರೆ ಬೇರೆ ಅಂಕ. ವಿಷಯ ಮತ್ತೆ ಕೋರ್ಟಿಗೆ ಹೋಯ್ತು. 2025ರ ಫೆಬ್ರವರಿಯಲ್ಲಿ ಕೋರ್ಟು, ಪರಿಶೀಲನೆ ವೇಳೆ ಯಂತ್ರದಲ್ಲಿರೋ ದತ್ತಾಂಶ ಅಳಿಸಬಾರದು, ಹೊಸದಾಗಿ ತುಂಬಲೂಬಾರದು ಅಂತ ಹೇಳಿತು. ಸರಿಯಾದ ಮಾತು. ಹೋಲಿಸಬೇಕಾದ ಫೈಲನ್ನೇ ಮೊದಲು ಬದಲಾಯಿಸಿದ್ರೆ ಆಮೇಲೆ ಹೋಲಿಸೋದಕ್ಕೆ ಏನು ಉಳೀತು?

ಎರಡನೇದು, ಮೂಲ ಯಾರ ಹತ್ರ? ಮೂರನೇದು, ತಾಳೆ ನೋಡೋರು ಯಾರು? ತೀರ್ಪಿನ ಪ್ರಕಾರ ಯಂತ್ರ ಮಾಡಿದವರೇ ಪರಿಶೀಲಿಸೋರು. ಅವರ ಪ್ರಾಮಾಣಿಕತೆ ಮೇಲೆ ನಮಗೆ ಅನುಮಾನ ಇಲ್ಲ. ಈ ಏರಿಯಾದ ಎಷ್ಟೋ ಮನೆಗಳಲ್ಲಿ ಬಿಇಎಲ್‌ನಿಂದ ನಿವೃತ್ತರಾದವರಿದ್ದಾರೆ, ಅವರ ಶಿಸ್ತು ನೋಡಿಯೇ ನಮ್ಮಲ್ಲಿ ಹಲವರು ಎಲೆಕ್ಟ್ರಾನಿಕ್ಸ್ ತಗೊಂಡದ್ದು. ಆದ್ರೆ ಪರಿಶೀಲನೆ ಅನ್ನೋದು ಒಳ್ಳೆಯವರನ್ನೂ ಅನುಮಾನದಿಂದ ಕಾಪಾಡೋ ವ್ಯವಸ್ಥೆ. ನಮ್ಮ ಲ್ಯಾಬ್ ರೆಕಾರ್ಡಿಗೆ ನಾವೇ ಅಂಕ ಹಾಕ್ಕೊಂಡ್ರೆ ಅಂಕ ಸರಿಯಾಗಿದ್ರೂ ಯಾರೂ ಒಪ್ಪಲ್ಲ. ವೈವಾಗೆ ಹೊರಗಿನ ಪರೀಕ್ಷಕರು ಬರೋದು ಅದಕ್ಕೇ.

ಯಂತ್ರ ಹ್ಯಾಕ್ ಆಗಿದೆ ಅಂತ ನಾವು ಹೇಳ್ತಿಲ್ಲ. ಪ್ರತಿ ಫಲಿತಾಂಶದ ದಿನ ವಾಟ್ಸಾಪಲ್ಲಿ ಹಾಗೆ ಹೇಳೋರು ಇರ್ತಾರೆ. ಯಾರು ಸೋತರೋ ಅದರ ಮೇಲೆ ಹೇಳೋರು ಬದಲಾಗ್ತಾರೆ. ಪುರಾವೆ ಇಲ್ಲದೆ ಹಾಗೆ ಹೇಳೋದು ಎಂಜಿನಿಯರುಗಳಿಗೆ ಶೋಭೆ ಅಲ್ಲ. ಹಾಗೇ, "ಒಂದೇ ಸಲ ಬರೆಯೋ ಚಿಪ್ಪು, ಬದಲಾಯಿಸೋಕೆ ಆಗೋದೇ ಇಲ್ಲ, ಪ್ರಶ್ನೆ ಯಾಕೆ" ಅನ್ನೋದೂ ಶೋಭೆ ಅಲ್ಲ. ಬರೆದ ಮೇಲೆ ಬದಲಾಯಿಸೋಕೆ ಆಗಲ್ಲ ಅನ್ನೋದು ಸರಿ, ಅದರಿಂದ ಬರೆದದ್ದು ಯಾವುದು ಅನ್ನೋದಕ್ಕೆ ಉತ್ತರ ಸಿಗಲ್ಲ. ನಮ್ಮ ಅಭಿಪ್ರಾಯ ಇಷ್ಟು: ಚಿಪ್ಪಿನ ಪ್ರೋಗ್ರಾಮಿನ ಗುರುತು ಚುನಾವಣೆಗೆ ಮುಂಚೆಯೇ ಎಲ್ಲಾ ಪಕ್ಷಗಳ ಕೈಯಲ್ಲಿರಬೇಕು, ಹೋಲಿಕೆ ಮಾಡೋವಾಗ ತಯಾರಕರ ಜೊತೆ ಹೊರಗಿನ ಎಂಜಿನಿಯರುಗಳೂ ಕೂತಿರಬೇಕು, ಹೋಲಿಸೋಕೆ ಆಗದಿದ್ರೆ 'ಸರಿ ಇದೆ' ಅನ್ನದೆ 'ಹೋಲಿಸೋಕೆ ಆಗಲಿಲ್ಲ' ಅಂತಲೇ ಬರೀಬೇಕು.

ಇದರ ಜೊತೆ ಇನ್ನೊಂದು ತಾಳೆ ಈಗಾಗಲೇ ನಡೀತಿದೆ, ಅದನ್ನ ಮರೀಬಾರದು. 2019ರ ಏಪ್ರಿಲ್‌ನ ಆದೇಶದ ಪ್ರಕಾರ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ 5 ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನ ಯಂತ್ರದ ಲೆಕ್ಕದ ಜೊತೆ ಹೋಲಿಸ್ತಾರೆ. ಮತ ಹಾಕಿದವರು ಕಣ್ಣಾರೆ ನೋಡಿದ ಕಾಗದ ಒಂದು ಕಡೆ, ಮೆಮೊರಿಯ ಸಂಖ್ಯೆ ಇನ್ನೊಂದು ಕಡೆ. ಇಲ್ಲಿ ಮೂಲ ಪ್ರತಿ ಮತದಾರರ ಕಣ್ಣೆದುರೇ ತಯಾರಾಗುತ್ತೆ. ರಾನ್ ರಿವೆಸ್ಟ್ ಮತ್ತು ಜಾನ್ ವ್ಯಾಕ್ 2006ರಲ್ಲಿ ಹೇಳಿದ ತತ್ವ ಇದೇ: ಸಾಫ್ಟ್‌ವೇರ್‌ನಲ್ಲಿ ಆಗೋ ತಪ್ಪು, ಯಾರಿಗೂ ಗೊತ್ತಾಗದೆ ಫಲಿತಾಂಶದ ತಪ್ಪಾಗಬಾರದು. ಬೈಟ್ ಹೋಲಿಕೆಯಲ್ಲಿ ಉಳಿಯೋ ಅನುಮಾನಕ್ಕೆ ಕಾಗದದ ಹೋಲಿಕೆ ಉತ್ತರ ಕೊಡಬಹುದು. ಅದಕ್ಕೇ ಎರಡೂ ಬೇಕು.

ನಮ್ಮ ಲ್ಯಾಬಲ್ಲಿ ಏನು ಮಾಡಬಹುದು

ದೇಶದ ವಿಷಯ ದೊಡ್ಡದು. ನಮ್ಮ ಕೈಲಿರೋದು ಸಣ್ಣದು, ಆದ್ರೆ ನಾಳೆಯಿಂದಲೇ ಮಾಡಬಹುದಾದ್ದು.

ಫೈನಲ್ ಇಯರ್ ಪ್ರಾಜೆಕ್ಟ್ ಒಪ್ಪಿಸೋವಾಗ ರಿಪೋರ್ಟಿನ ಕೊನೆ ಪುಟದಲ್ಲಿ ಮೂರು ಸಾಲು ಸೇರಿಸೋಣ: ಯಾವ ಸೋರ್ಸ್, ಯಾವ ಕಂಪೈಲರ್ ಆವೃತ್ತಿ, ಬೋರ್ಡಿಗೆ ಬರೆದ ಬೈನರಿಯ ಶಾ-256. ರಿಪೋರ್ಟು ಡಿಪಾರ್ಟ್‌ಮೆಂಟಲ್ಲಿ ಇರುತ್ತೆ, ಬೋರ್ಡು ಜೂನಿಯರ್ಸ್ ಹತ್ರ ಇರುತ್ತೆ. ಗುರುತೂ ವಸ್ತುವೂ ಬೇರೆ ಬೇರೆ ಕೈಯಲ್ಲಿರೋದ್ರಿಂದ ತಾಳೆಗೆ ಅರ್ಥ ಬರುತ್ತೆ. ಬೋರ್ಡ್ ತಗೊಳ್ಳೋ ಜೂನಿಯರ್ಸ್ ಮೊದಲ ದಿನವೇ ಅದನ್ನ ಓದಿ ಹೋಲಿಸಿ ಸಹಿ ಹಾಕಲಿ. ತಪ್ಪಿದ್ರೆ ಸೀನಿಯರ್ಸ್ ಇನ್ನೂ ಕ್ಯಾಂಪಸ್ಸಲ್ಲಿ ಇರೋವಾಗಲೇ ಗೊತ್ತಾಗುತ್ತೆ.

ಒಂದೇ ಪ್ರೋಗ್ರಾಮನ್ನ ಎರಡು ಸಲ ಕಂಪೈಲ್ ಮಾಡಿ ಸಿಎಂಪಿ ಹಾಕಿ ನೋಡಿ. ಜಾವಾದವರು ಜಾರ್ ಫೈಲನ್ನ ಎರಡು ಸಲ ಮಾಡಿ ನೋಡಿ. ಏನೂ ಬದಲಾಯಿಸದಿದ್ರೂ ಬೇರೆ ಬರೋ ಸಾಧ್ಯತೆ ಹೆಚ್ಚು, ಯಾಕಂದ್ರೆ ಒಳಗೆ ಸಮಯ ಬರೆದಿರುತ್ತೆ. ಆ ಬೈಟ್ ಯಾವುದು ಅಂತ ಹುಡುಕೋದೇ ಒಂದು ಒಳ್ಳೇ ಲ್ಯಾಬ್ ಪ್ರಯೋಗ. ಸಿಲಬಸ್ಸಲ್ಲಿ ಇಲ್ಲ ಅಂತ ಕಾಯೋದು ಬೇಡ, ಸಂಘದ ವತಿಯಿಂದ ಒಂದು ಶನಿವಾರ ಮಧ್ಯಾಹ್ನ ಕೂತು ಮಾಡೋಣ.

ಕನ್ನಡದಲ್ಲಿ ಆ್ಯಪ್ ಮಾಡೋರು, ಡೇಟಾ ಸೇರಿಸೋರು, ಹೆಸರುಗಳ ಪಟ್ಟಿ ಜೋಡಿಸೋರು ಒಳಗೆ ಬರೋ ಪ್ರತಿ ಪದವನ್ನೂ ಬಾಗಿಲಲ್ಲೇ ಎನ್‌ಎಫ್‌ಸಿ ಮಾಡಿ ತಗೊಳ್ಳಿ. ಕಾಣದ ಸಂಕೇತ ಪದದ ಕೊನೆಯಲ್ಲಿದ್ರೆ ತೆಗೀರಿ. ಟೆಸ್ಟ್ ಕೇಸಿನಲ್ಲಿ ಒಂದು 12 ಬೈಟಿನ ಕೋಟೆಯನ್ನೂ ಒಂದು 18 ಬೈಟಿನ ಕೋಟೆಯನ್ನೂ ಹಾಕಿ. ಆ ಟೆಸ್ಟ್ ಪಾಸಾದ್ರೆ ಕರ್ನಾಟಕದ ಎಷ್ಟೋ ಗೋಪಾಲರು, ಯಶೋದಮ್ಮಂದಿರು ಕೌಂಟರಿನಿಂದ ವಾಪಸ್ ಹೋಗೋದು ತಪ್ಪುತ್ತೆ.

ನಮ್ಮ ಪತ್ರಿಕೆ ವಿಷಯದಲ್ಲೂ ಇದೇ ನಿಯಮ ಇಟ್ಕೊಳ್ಳೋಣ. ಲೇಖನಗಳು ನುಡಿಯಲ್ಲಿ, ಫೋನಿನ ಕೀಬೋರ್ಡಲ್ಲಿ, ಗೂಗಲ್ ಡಾಕ್ಸಲ್ಲಿ, ಹೀಗೆ ಹತ್ತು ದಾರಿಯಲ್ಲಿ ಬರ್ತವೆ. ಎಲ್ಲವನ್ನೂ ಒಂದೇ ರೂಪಕ್ಕೆ ತಂದು ಪ್ರಕಟಿಸಿ, ಪ್ರತಿ ಸಂಚಿಕೆಯ ಪಿಡಿಎಫ್ ಗುರುತನ್ನ ನೋಟಿಸ್ ಬೋರ್ಡಲ್ಲಿ ಕಾಗದದ ಮೇಲೆ ಅಂಟಿಸೋಣ ಅಂತ ಸಂಪಾದಕ ಬಳಗಕ್ಕೆ ನಮ್ಮ ಮನವಿ. ಹತ್ತು ವರ್ಷದ ನಂತರ ಯಾರೋ ಒಬ್ಬರು ಹಳೇ ಸಂಚಿಕೆ ಸಿಕ್ತು ಅಂತ ಕಳಿಸಿದಾಗ, ಇದೇ ಅದು ಅಂತ ಹೇಳೋಕೆ ನಮ್ಮ ಹತ್ರ ಎರಡನೇ ಪ್ರತಿ ಇರಲಿ.